ಆರು ವಸಾಹತು, ಮೂರು ಅಳತೆಯ ಹಳಿ, ಒಂದು ದೇಶ

ಪ್ರಶ್ನೆ: ಆಸ್ಟ್ರೇಲಿಯಾ, ಕೆನಡಾ ಇವೆಲ್ಲ ಮೊದಲು ಬೇರೆ ಬೇರೆ ವಸಾಹತುಗಳಾಗಿದ್ದವು, ಆಮೇಲೆ ಸೇರಿ ಒಂದು ದೇಶ ಆದವು ಅಂತ ಓದಿದ್ದೇನೆ. ಒಂದೊಂದು ವಸಾಹತಿಗೂ ಅದರದೇ ಶಾಸನಸಭೆ, ಅದರದೇ ಪ್ರೀಮಿಯರ್ (ಅಂದರೆ ಸರಕಾರದ ಮುಖ್ಯಸ್ಥ), ಅದರದೇ ಖಜಾನೆ ಇತ್ತಂತೆ. ಹಾಗಿದ್ದಮೇಲೆ ಕೈಯಲ್ಲಿದ್ದ ಅಧಿಕಾರವನ್ನು ಯಾರಾದರೂ ಸುಮ್ನೆ ಬಿಟ್ಟುಕೊಡುತ್ತಾರಾ? ಒಂದೇ ಭಾಷೆ, ಒಂದೇ ಜನ ಅನ್ನೋ ಕಾರಣಕ್ಕೆ ಸೇರಿದರಾ?

ಉತ್ತರ: ಸುಮ್ನೆ ಯಾರೂ ಬಿಟ್ಟುಕೊಡುವುದಿಲ್ಲ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಒಂದೇ ಭಾಷೆ, ಒಂದೇ ರಕ್ತ ಅನ್ನೋದೆಲ್ಲ ವೇದಿಕೆ ಮೇಲೆ ಆಡುವ ಮಾತು. ಆಸ್ಟ್ರೇಲಿಯಾದಲ್ಲಿ ಆ ಭಾಷೆ, ಆ ಜನ ಮೊದಲಿನಿಂದಲೂ ಇದ್ದರು. ಆದರೂ 1851ರಲ್ಲಿ ವಿಕ್ಟೋರಿಯಾ, 1859ರಲ್ಲಿ ಕ್ವೀನ್ಸ್‌ಲ್ಯಾಂಡ್ ಹಟ ಹಿಡಿದು ನ್ಯೂ ಸೌತ್ ವೇಲ್ಸ್‌ನಿಂದ ಬೇರೆಯಾದವು. ಅದೇ ವಸಾಹತುಗಳು 1901ರಲ್ಲಿ ಮತ್ತೆ ಒಂದಾದವು. ನಡುವಿನ ನಲವತ್ತು ವರ್ಷದಲ್ಲಿ ಭಾಷೆಯೇನೂ ಬದಲಾಗಿರಲಿಲ್ಲ. ಬೇರೆ ಬೇರೆ ಇರೋದಕ್ಕೆ ತಗಲುವ ಖರ್ಚು ಮಾತ್ರ ವರ್ಷ ವರ್ಷ ಏರುತ್ತಾ ಹೋಗಿತ್ತು.

ಆ ಖರ್ಚು ಎಂಥದ್ದು ಅಂತ ನೋಡಬೇಕಾದರೆ ಆಲ್ಬರಿಗೆ ಹೋಗಬೇಕು. 1890ರ ಆಸುಪಾಸು ಅಂದುಕೊಳ್ಳಿ. ನ್ಯೂ ಸೌತ್ ವೇಲ್ಸ್‌ನ ಸಿಡ್ನಿಯಲ್ಲಿ ವಿಕ್ಟೋರಿಯಾದ ಮೆಲ್ಬರ್ನ್ ಕಡೆಯ ರೈಲು ಹತ್ತಿ ಕೂತಿದ್ದೀರಿ. ಆಲ್ಬರಿ ಅನ್ನೋ ಗಡಿ ಊರು ಬಂದಾಗ ಎಲ್ಲರನ್ನೂ ಇಳಿಸುತ್ತಾರೆ. ಯಾಕೆ ಅಂದರೆ ನ್ಯೂ ಸೌತ್ ವೇಲ್ಸ್‌ನ ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್, ವಿಕ್ಟೋರಿಯಾದ್ದು 1,600. ಇತ್ತ ಕ್ವೀನ್ಸ್‌ಲ್ಯಾಂಡ್ ಖರ್ಚು ಉಳಿಸಲು 1,067ರ ಹಳಿ ಹಾಕಿತ್ತು. ಒಬ್ಬರ ರೈಲು ಇನ್ನೊಬ್ಬರ ಹಳಿಯ ಮೇಲೆ ಓಡುವ ಹಾಗೇ ಇಲ್ಲ. ಹಾಗಾಗಿ ಪ್ರಯಾಣಿಕರು ಗಂಟುಮೂಟೆ ಹೊತ್ತು ಪ್ಲಾಟ್‌ಫಾರ್ಮಿನ ಆಚೆ ಬದಿಯಲ್ಲಿ ನಿಂತ ಬೇರೆ ರೈಲಿಗೆ ಹೋಗಬೇಕು, ಸಾಮಾನನ್ನು ಒಂದು ಬೋಗಿಯಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕು, ಸಾಲದ್ದಕ್ಕೆ ಸುಂಕದವರು ಬಂದು ಪೆಟ್ಟಿಗೆ ಬಿಚ್ಚಿ ನೋಡಬೇಕು. ಇದೆಲ್ಲ ಒಂದೇ ರಾಣಿಯ ಪ್ರಜೆಗಳ ನಡುವೆ!

ಮರ್ರೆ ನದಿಯ ದಡದ ರೈತರ ಪಾಡು ಇನ್ನೂ ಕಷ್ಟ. ನ್ಯೂ ಸೌತ್ ವೇಲ್ಸ್‌ನ ದಕ್ಷಿಣದ ರೈತನಿಗೆ ಸಿಡ್ನಿಗಿಂತ ಮೆಲ್ಬರ್ನ್ ಹತ್ತಿರ. ಆದರೆ ನದಿ ದಾಟಿಸಿದರೆ ಸುಂಕ. ವಿಕ್ಟೋರಿಯಾದವರು ತಮ್ಮ ಕಾರ್ಖಾನೆ ಉಳಿಸಿಕೊಳ್ಳಲು ಹೊರಗಿನ ಸರಕಿಗೆ ಸುಂಕ ಜಡಿಯುವವರು, ನ್ಯೂ ಸೌತ್ ವೇಲ್ಸ್‌ನವರು ಮುಕ್ತ ವ್ಯಾಪಾರ ಬೇಕು ಅನ್ನುವವರು. 1893ರಲ್ಲಿ ಇದೇ ನದಿ ದಡದ ಕೊರೋವಾ ಊರಿನಲ್ಲಿ ಒಂದು ಸಭೆ ಸೇರಿತು. ರಾಜಕಾರಣಿಗಳು ಮಾತಾಡಿ ಮಾತಾಡಿ ಮುಗಿಸುವುದಿಲ್ಲ, ಸಂವಿಧಾನ ಬರೆಯುವವರನ್ನು ಜನರೇ ಆರಿಸಲಿ, ಬರೆದದ್ದನ್ನು ಜನರೇ ಮತ ಹಾಕಿ ಒಪ್ಪಲಿ ಎಂಬ ದಾರಿ ಗಟ್ಟಿಯಾದದ್ದು ಅಲ್ಲಿ. ಸುಂಕದಿಂದ ಯಾರಿಗೆ ಹೆಚ್ಚು ಪೆಟ್ಟು ಬೀಳುತ್ತಿತ್ತೋ ಆ ಗಡಿ ಊರಿನಲ್ಲೇ ಈ ಕೂಗು ಎದ್ದದ್ದು ಆಕಸ್ಮಿಕ ಅಂತ ನನಗಂತೂ ಅನಿಸುವುದಿಲ್ಲ. ಅದೇ ವರ್ಷ ಬ್ಯಾಂಕುಗಳು ಸಾಲಾಗಿ ಬಾಗಿಲು ಹಾಕಿಕೊಂಡವು ಅನ್ನೋದನ್ನೂ ನೆನಪಿಟ್ಟುಕೊಳ್ಳಿ.

ಇನ್ನೊಂದು ಕಾರಣ ಭಯ. 1883ರಲ್ಲಿ ಜರ್ಮನರು ಬಂದುಬಿಟ್ಟಾರು ಅಂತ ಕ್ವೀನ್ಸ್‌ಲ್ಯಾಂಡ್ ತಾನಾಗೇ ನ್ಯೂ ಗಿನಿಯ ಪೂರ್ವ ಭಾಗವನ್ನು ನಮ್ಮದು ಎಂದು ಘೋಷಿಸಿತು. ಲಂಡನ್ ಅದನ್ನು ರದ್ದು ಮಾಡಿತು. ಮಾರನೇ ವರ್ಷವೇ ಜರ್ಮನಿ ಆ ದ್ವೀಪದ ಈಶಾನ್ಯ ಭಾಗಕ್ಕೆ ಬಾವುಟ ನೆಟ್ಟಿತು. ಒಂಟಿ ವಸಾಹತಿನ ಮಾತಿಗೆ ಲಂಡನ್‌ನಲ್ಲಿ ಎಷ್ಟು ಬೆಲೆ ಅಂತ ಆಗ ಗೊತ್ತಾಯಿತು. 1889ರಲ್ಲಿ ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್ ಹೆನ್ರಿ ಪಾರ್ಕ್ಸ್ ಟೆಂಟರ್‌ಫೀಲ್ಡ್ ಊರಿನಲ್ಲಿ ಮಾಡಿದ ಹೆಸರಾಂತ ಭಾಷಣದ ತಿರುಳೂ ಅದೇ: ಒಂದೇ ಸೈನ್ಯ ಬೇಕಾದರೆ ಒಂದೇ ಸರಕಾರ ಬೇಕು.

ಇಷ್ಟಾದರೂ ಚೌಕಾಸಿ ತಪ್ಪಲಿಲ್ಲ ನೋಡಿ. 1898ರ ಮತದಾನದಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಬೇಕು ಅಂದವರೇ ಜಾಸ್ತಿ ಇದ್ದರು. ಆದರೆ ಬೇಕು ಅನ್ನುವ ಮತವೇ ಕನಿಷ್ಠ 80,000 ಬೀಳಬೇಕು ಎಂಬ ಷರತ್ತಿತ್ತು, ಬಿದ್ದದ್ದು ಸುಮಾರು 71,600. ಅಲ್ಲಿನ ಪ್ರೀಮಿಯರ್ ಜಾರ್ಜ್ ರೀಡ್ ಇದನ್ನೇ ಹಿಡಿದುಕೊಂಡು, ಇನ್ನಷ್ಟು ಕೊಡಿ ಅಂತ ಕೂತರು. ರಾಜಧಾನಿ ನ್ಯೂ ಸೌತ್ ವೇಲ್ಸ್‌ನೊಳಗೇ ಇರಬೇಕು ಅಂದರು. ಮೆಲ್ಬರ್ನ್‌ನವರು ಬಿಡುತ್ತಾರಾ? ಇರಲಿ, ಆದರೆ ಸಿಡ್ನಿಯಿಂದ ನೂರು ಮೈಲಿಗಿಂತ ಹತ್ತಿರ ಬೇಡ, ಅದು ಕಟ್ಟಿ ಆಗುವ ತನಕ ಸಂಸತ್ತು ನಮ್ಮಲ್ಲೇ ಕೂರಲಿ ಅಂದರು. ಹಾಗೆ ಹುಟ್ಟಿದ್ದು ಕ್ಯಾನ್‌ಬೆರಾ. ಸಂಸತ್ತು ಅಲ್ಲಿಗೆ ಬಂದದ್ದು 1927ರಲ್ಲಿ, ಅಂದರೆ ಮೆಲ್ಬರ್ನ್‌ನವರು 26 ವರ್ಷ ಅದನ್ನು ಬಿಟ್ಟುಕೊಡಲಿಲ್ಲ. ಸಣ್ಣ ವಸಾಹತುಗಳು ಸುಂಕದ ಆದಾಯ ಹೋದರೆ ನಾವು ಬದುಕುವುದು ಹೇಗೆ ಅಂದವು. ಅದಕ್ಕೆ ಟಾಸ್ಮೇನಿಯಾದ ಪ್ರೀಮಿಯರ್ ಬ್ರ್ಯಾಡನ್ ಒಂದು ವಿಧಿ ಸೇರಿಸಿದರು: ಕೇಂದ್ರಕ್ಕೆ ಬರುವ ಸುಂಕದಲ್ಲಿ ಮುಕ್ಕಾಲು ಪಾಲು ರಾಜ್ಯಗಳಿಗೇ ವಾಪಸ್. ಆಮೇಲೆ ಅದನ್ನು ಹತ್ತು ವರ್ಷಕ್ಕೆ ಮಿತಿಗೊಳಿಸಿದರು. ಇಷ್ಟವಿಲ್ಲದವರು ಅದನ್ನು ಬ್ರ್ಯಾಡನ್ ಕಲೆ ಅಂತ ಹಂಗಿಸಿದರು, ಬಟ್ಟೆ ಮೇಲಿನ ಕಲೆ ಅಂತಾರಲ್ಲ ಹಾಗೆ.

ಪ್ರಶ್ನೆ: ಕೆನಡಾದ ಕಥೆಯೂ ಇದೇನಾ?

ಉತ್ತರ: ಅಲ್ಲಿ ಸುಂಕಕ್ಕಿಂತ ಪಕ್ಕದ ಮನೆಯವನ ಭಯ ಜಾಸ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಅದು ಮುಗಿದರೆ ಆ ದೊಡ್ಡ ಸೈನ್ಯ ಉತ್ತರಕ್ಕೆ ತಿರುಗಿದರೆ ಏನು ಗತಿ ಅನ್ನೋ ಚಿಂತೆ ಇತ್ತು. 1866ರಲ್ಲಿ ಅಮೆರಿಕ ಕೆನಡಾದ ಜೊತೆಗಿದ್ದ ವ್ಯಾಪಾರ ಒಪ್ಪಂದವನ್ನೂ ಕೈಬಿಟ್ಟಿತು. ಅದೇ ವರ್ಷ ಫೆನಿಯನ್ನರು, ಅಂದರೆ ಬ್ರಿಟನ್ ಮೇಲೆ ಸಿಟ್ಟಿದ್ದ ಐರಿಷ್ ಬಂಡುಕೋರರು, ಅಮೆರಿಕದ ಕಡೆಯಿಂದ ಗಡಿ ದಾಟಿ ದಾಳಿ ಮಾಡಿದರು. ಒಳಗಡೆಯೂ ಸಮಸ್ಯೆ ಇತ್ತು. ಈಗಿನ ಒಂಟಾರಿಯೋ ಮತ್ತು ಕ್ವಿಬೆಕ್ ಆಗ ಒಂದೇ ಪ್ರಾಂತ್ಯ. ಇಂಗ್ಲಿಷ್‌ನವರು, ಫ್ರೆಂಚರು ಸಮಬಲದಲ್ಲಿ ಹಗ್ಗ ಎಳೆದು ಯಾವ ಸರಕಾರವೂ ನಿಲ್ಲುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದ ಎದುರಾಳಿ ಪಕ್ಷಗಳ ನಾಯಕರು ಮ್ಯಾಕ್‌ಡೊನಾಲ್ಡ್ ಮತ್ತು ಬ್ರೌನ್ 1864ರಲ್ಲಿ ಬೇರೆ ದಾರಿ ಕಾಣದೆ ಕೈಜೋಡಿಸಿದರು.

ಆಮೇಲೆ ನಡೆದದ್ದು ಸ್ವಲ್ಪ ತಮಾಷೆಯಾಗಿದೆ. ಪೂರ್ವ ಕರಾವಳಿಯ ಸಣ್ಣ ವಸಾಹತುಗಳು ತಮ್ಮ ತಮ್ಮಲ್ಲೇ ಸೇರುವ ಬಗ್ಗೆ ಮಾತಾಡಲು ಆ ಸೆಪ್ಟೆಂಬರಿನಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪದ ಷಾರ್ಲಟ್‌ಟೌನ್‌ನಲ್ಲಿ ಸೇರಿದವು. ಕೆನಡಾದವರು ನಾವೂ ಬರ್ತೀವಿ ಅಂತ ಹಡಗು ಹತ್ತಿ ಬಂದರು. ಊರಿನಲ್ಲಿ ಆಗ ಸರ್ಕಸ್ ಬೀಡುಬಿಟ್ಟಿತ್ತು, ಹೋಟೆಲುಗಳಲ್ಲಿ ಜಾಗವಿಲ್ಲ. ಎದುರುಗೊಳ್ಳಲು ಒಬ್ಬ ಮಂತ್ರಿ ಸಣ್ಣ ದೋಣಿಯಲ್ಲಿ ಹಡಗಿನ ಹತ್ತಿರ ಹೋದರು. ಬಂದವರಲ್ಲಿ ಹೆಚ್ಚಿನವರು ಹಡಗಿನಲ್ಲೇ ಮಲಗಿದರು. ತಂದಿದ್ದ ಶಾಂಪೇನ್ ಬಾಟಲಿಗಳನ್ನು ಧಾರಾಳವಾಗಿ ಬಿಚ್ಚಿದರು. ಕೆಲವೇ ದಿನಗಳಲ್ಲಿ ಸಣ್ಣ ಒಕ್ಕೂಟದ ಮಾತು ಮರೆಯಾಗಿ ದೊಡ್ಡ ಒಕ್ಕೂಟದ ಮಾತು ಶುರುವಾಯಿತು. 1867ರ ಜುಲೈ 1ಕ್ಕೆ ಕೆನಡಾ ಹುಟ್ಟಿತು. ಮಜಾ ಏನು ಅಂದರೆ ಸಭೆಗೆ ಜಾಗ ಕೊಟ್ಟ ದ್ವೀಪವೇ ಸೇರಲಿಲ್ಲ! 1873ರಲ್ಲಿ ಸೇರಿತು, ಅದೂ ತಾನೇ ಶುರುಮಾಡಿದ ರೈಲು ಮಾರ್ಗದ ಸಾಲ ಕುತ್ತಿಗೆಗೆ ಬಂದಮೇಲೆ. ಪಶ್ಚಿಮದ ಬ್ರಿಟಿಷ್ ಕೊಲಂಬಿಯಾ 1871ರಲ್ಲಿ ಬಂತು. ಅದಕ್ಕೂ ಸಾಲ ತೀರಿಸುವ ಮಾತು ಕೊಟ್ಟರು, ಹತ್ತು ವರ್ಷದಲ್ಲಿ ರೈಲು ತರುತ್ತೇವೆ ಅಂದರು. ರೈಲು ಹಳಿ ಜೋಡಣೆ ಮುಗಿದದ್ದು 1885ರಲ್ಲಿ. ಸರಕಾರಿ ಭರವಸೆ ಅಂದರೆ ಎಲ್ಲ ಕಾಲಕ್ಕೂ ಒಂದೇ, ಅಲ್ವಾ?

ಪ್ರಶ್ನೆ: ಅಮೆರಿಕದ 13 ವಸಾಹತುಗಳು ಬ್ರಿಟನ್ ವಿರುದ್ಧ ಯುದ್ಧ ಮಾಡಲು ಸೇರಿದವು, ಅಲ್ಲಿಗೆ ಕಥೆ ಮುಗಿಯಿತಲ್ಲ? 1787ರಲ್ಲಿ ಮತ್ತೆ ಹೊಸ ಸಂವಿಧಾನ ಯಾಕೆ ಬೇಕಾಯಿತು?

ಉತ್ತರ: ಯುದ್ಧಕ್ಕೆ ಸೇರುವುದು ಬೇರೆ, ಜೊತೆಗೆ ಸಂಸಾರ ಮಾಡುವುದು ಬೇರೆ. 1754ರಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಆಲ್ಬನಿಯಲ್ಲಿ ಒಂದು ಒಕ್ಕೂಟದ ಯೋಜನೆ ಮುಂದಿಟ್ಟಿದ್ದರು. ಒಂದು ವಸಾಹತೂ ಒಪ್ಪಲಿಲ್ಲ. ಬ್ರಿಟನ್ ತೆರಿಗೆ ಹಾಕಿ, ಆಮೇಲೆ ಸೈನ್ಯ ಕಳಿಸಿದಾಗ ಮಾತ್ರ ಒಟ್ಟಾದರು. ಆಗ ಮಾಡಿಕೊಂಡ ಮೊದಲ ಒಡಂಬಡಿಕೆಯಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಹತ್ತಿರ ಕೈಚಾಚಬೇಕು, ಅವು ಕೊಟ್ಟರೆ ಉಂಟು. ಆಮದಿನ ಮೇಲೆ ಐದು ಪರ್ಸೆಂಟ್ ಸುಂಕ ಹಾಕೋಣ ಅಂದರೆ 1782ರಲ್ಲಿ ರೋಡ್ ಐಲೆಂಡ್ ಎಂಬ ಅಂಗೈಯಗಲದ ರಾಜ್ಯ ಒಂದೇ ಅಡ್ಡ ಮಲಗಿತು, ಎಲ್ಲ 13 ರಾಜ್ಯ ಒಪ್ಪಬೇಕು ಎಂಬ ನಿಯಮ ಇತ್ತಲ್ಲ. 1783ರಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಕೂತಿದ್ದ ಕಟ್ಟಡವನ್ನೇ ಮುತ್ತಿದರು, ದೇಶದ ಪ್ರತಿನಿಧಿಗಳು ಪ್ರಿನ್ಸ್‌ಟನ್‌ಗೆ ಓಡಿಹೋದರು. ರಾಜ್ಯಗಳು ಒಬ್ಬರ ಸರಕಿಗೆ ಇನ್ನೊಬ್ಬರು ಸುಂಕ ಹಾಕುತ್ತಿದ್ದವು. ಮೇಲೆ ಹೇಳಿದ ಮರ್ರೆ ನದಿಯ ಕಥೆಯೇ ನೂರು ವರ್ಷ ಮೊದಲು ಇಲ್ಲಿ ನಡೆಯುತ್ತಿತ್ತು. 1786ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ದಂಗೆ ಎದ್ದಾಗ ಅದನ್ನು ತಡೆಯಲು ಕೇಂದ್ರದ ಕೈಯಲ್ಲಿ ಏನೂ ಇರಲಿಲ್ಲ. ಅದು ಉಳ್ಳವರ ಎದೆ ನಡುಗಿಸಿತು.

ಹೊಸ ಸಂವಿಧಾನ ಬರೆಯಲು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಸಭೆಗೂ ರೋಡ್ ಐಲೆಂಡ್ ಬರಲಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ವಾಷಿಂಗ್ಟನ್ ಅಧ್ಯಕ್ಷರಾಗಿ ವರ್ಷ ಕಳೆದಮೇಲೂ ಹೊರಗೇ ಇತ್ತು. ಕೊನೆಗೆ ನಿಮ್ಮ ಜೊತೆ ವ್ಯಾಪಾರವೇ ಬಂದ್ ಅಂತ ಸೆನೆಟ್ ಮಸೂದೆ ಪಾಸು ಮಾಡಿದಾಗ, 1790ರ ಮೇ 29ರಂದು ಒಪ್ಪಿತು. ಮತ 34ಕ್ಕೆ 32.

ಪ್ರಶ್ನೆ: ಸೇರಿದರೆ ಅಷ್ಟು ಲಾಭ ಅನ್ನುವುದಾದರೆ ಕೆಲವರು ಸೇರಲಿಲ್ಲ ಯಾಕೆ? ನ್ಯೂಜಿಲೆಂಡ್ ಯಾಕೆ ಆಸ್ಟ್ರೇಲಿಯಾದಲ್ಲಿ ಇಲ್ಲ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್. ಸೇರಿದವರ ಕಥೆಗಿಂತ ಸೇರದವರ ಕಥೆಯಲ್ಲಿ ಕಾರಣ ಚೆನ್ನಾಗಿ ಕಾಣುತ್ತದೆ. ನ್ಯೂಜಿಲೆಂಡ್‌ಗೂ ಆಸ್ಟ್ರೇಲಿಯಾಕ್ಕೂ ನಡುವೆ ಸುಮಾರು 1,200 ಮೈಲಿ ಸಮುದ್ರ. ಸೇರದಿರುವುದಕ್ಕೆ ಪ್ರಕೃತಿ 1,200 ಕಾರಣ ಕೊಟ್ಟಿದೆ ಅಂತ ಅಲ್ಲಿನ ಮಾಜಿ ಪ್ರೀಮಿಯರ್ ಜಾನ್ ಹಾಲ್ 1890ರಲ್ಲಿ ಹೇಳಿದ್ದರು. ಅವರಿಗೆ ಗಡಿಯಲ್ಲಿ ರೈಲು ಬದಲಿಸುವ ಗೋಳಿಲ್ಲ, ನದಿ ದಾಟುವ ರೈತರಿಲ್ಲ. ಹಡಗಿನಲ್ಲಿ ಹೋಗುವ ಸರಕು ಸಿಡ್ನಿಗೇ ಹೋಗಬೇಕು ಅಂತೇನೂ ಇಲ್ಲ, ಲಂಡನ್‌ಗೂ ಹೋಗುತ್ತದೆ. ಆದರೂ ಆಸ್ಟ್ರೇಲಿಯಾದವರು ಬಾಗಿಲು ಹಾಕಲಿಲ್ಲ. ಅವರ ಸಂವಿಧಾನ ಕಾಯಿದೆಯಲ್ಲಿ ರಾಜ್ಯಗಳ ಹೆಸರು ಹೇಳುವ ಕಡೆ ನ್ಯೂಜಿಲೆಂಡ್ ಹೆಸರು ಇವತ್ತಿಗೂ ಇದೆ. ಪೀಠಿಕೆಯಲ್ಲಿ ಮಾತ್ರ ಪಶ್ಚಿಮ ಆಸ್ಟ್ರೇಲಿಯಾದ ಹೆಸರಿಲ್ಲ, ಯಾಕೆಂದರೆ ಕಾಯಿದೆ ಲಂಡನ್‌ನಲ್ಲಿ ಪಾಸಾಗುವ ಹೊತ್ತಿಗೆ ಅವರಿನ್ನೂ ಮತ ಹಾಕಿರಲಿಲ್ಲ. ಸೇರದವರ ಹೆಸರು ಇದೆ, ಸೇರಿದವರ ಹೆಸರು ಬಿಟ್ಟುಹೋಗಿದೆ. ನನಗೆ ಇದು ಬಹಳ ಇಷ್ಟವಾದ ವಿಷಯ.

ಸೇರಿ ಮುರಿದ ಉದಾಹರಣೆ ಬೇಕಾದರೆ ವೆಸ್ಟ್ ಇಂಡೀಸ್. ಕ್ರಿಕೆಟ್ ನೋಡುವವರೆಲ್ಲ ಅದು ಒಂದು ದೇಶ ಅಂತಲೇ ಮೊದಮೊದಲು ಅಂದುಕೊಂಡಿರುತ್ತೀರಿ. ನಿಜಕ್ಕೂ ಒಂದು ದೇಶ ಆಗುವ ಹಾದಿಯಲ್ಲಿತ್ತು. 1958ರ ಜನವರಿಯಲ್ಲಿ ಹತ್ತು ಬ್ರಿಟಿಷ್ ವಸಾಹತುಗಳು ಸೇರಿ ಒಕ್ಕೂಟ ಮಾಡಿಕೊಂಡವು. ಆದರೆ ಜಮೈಕಾಕ್ಕೂ ಟ್ರಿನಿಡಾಡ್‌ಗೂ ನಡುವೆ 1,500 ಕಿಲೋಮೀಟರಿಗಿಂತ ಜಾಸ್ತಿ ಸಮುದ್ರ. ಒಬ್ಬರ ಸರಕನ್ನು ಇನ್ನೊಬ್ಬರು ಕೊಳ್ಳುತ್ತಿದ್ದದ್ದು ಕಡಿಮೆ, ವ್ಯಾಪಾರವೆಲ್ಲ ಬ್ರಿಟನ್, ಅಮೆರಿಕದ ಜೊತೆ. ಕೇಂದ್ರಕ್ಕೆ ಆದಾಯ ತೆರಿಗೆ ಹಾಕುವ ಅಧಿಕಾರ ಮೊದಲ ಐದು ವರ್ಷ ಇರಲಿಲ್ಲ. ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಮೈಕಾದವರು, ಆದರೆ 45 ಸೀಟುಗಳಲ್ಲಿ ಅವರಿಗೆ ಸಿಕ್ಕಿದ್ದು 17. ಇನ್ನೊಂದು ನೋಡಿ: ಜಮೈಕಾದ ಮ್ಯಾನ್ಲಿ, ಬುಸ್ಟಮಾಂಟೆ, ಟ್ರಿನಿಡಾಡ್‌ನ ಎರಿಕ್ ವಿಲಿಯಮ್ಸ್, ಈ ಮೂವರು ದೊಡ್ಡ ನಾಯಕರಲ್ಲಿ ಒಬ್ಬರೂ ಒಕ್ಕೂಟದ ಚುನಾವಣೆಗೆ ನಿಲ್ಲಲಿಲ್ಲ. ನಾಯಕರೇ ತಮ್ಮ ಊರಿನ ಕುರ್ಚಿ ಬಿಡದಿದ್ದಮೇಲೆ ಜನ ಯಾಕೆ ನಂಬುತ್ತಾರೆ? 1961ರ ಸೆಪ್ಟೆಂಬರಿನಲ್ಲಿ ಜಮೈಕಾದ ಜನ ಮತ ಹಾಕಿ ಹೊರಬಂದರು. ಹತ್ತರಲ್ಲಿ ಒಂದು ಕಳೆದರೆ ಸೊನ್ನೆ ಅಂತ ಹೇಳಿ ವಿಲಿಯಮ್ಸ್ ಟ್ರಿನಿಡಾಡನ್ನೂ ಹೊರಗೆ ತಂದರು. 1962ರ ಮೇ ತಿಂಗಳ ಕೊನೆಗೆ ಒಕ್ಕೂಟ ಮುಗಿಯಿತು. ಕ್ರಿಕೆಟ್ ತಂಡ, ವಿಶ್ವವಿದ್ಯಾಲಯ ಉಳಿದವು. ತಂಡದಲ್ಲಿ ಗಯಾನಾದವರೂ ಆಡುತ್ತಾರೆ, ಆ ವಸಾಹತು ಒಕ್ಕೂಟಕ್ಕೆ ಸೇರಿರಲೇ ಇಲ್ಲ.

ಮಲೇಷ್ಯಾ ಬಗ್ಗೆ ಎರಡೇ ಮಾತು. 1963ರಲ್ಲಿ ಮಲಯಾ, ಸಿಂಗಾಪುರ, ಸಬಾ, ಸರವಾಕ್ ಸೇರಿದವು. ಎಣ್ಣೆ ದುಡ್ಡಿದ್ದ ಬ್ರೂನೈ ಕೊನೇ ಗಳಿಗೆಯಲ್ಲಿ ಹಿಂದೆ ಸರಿಯಿತು. ತೆರಿಗೆ ಹಂಚಿಕೆ, ಮಾರುಕಟ್ಟೆ, ಜನಾಂಗದ ಜಗಳ ಎಲ್ಲ ಸೇರಿ ಸಿಂಗಾಪುರ 1965ರ ಆಗಸ್ಟ್ 9ಕ್ಕೆ ಹೊರಬಿತ್ತು.

ಪ್ರಶ್ನೆ: ಈ ಒಕ್ಕೂಟಗಳಿಗೆ ಅಲ್ಲಿನ ಜನರ ಒಪ್ಪಿಗೆ ಇತ್ತಾ?

ಉತ್ತರ: ಯಾವ ಜನ ಅಂತ ಕೇಳಬೇಕಾಗುತ್ತದೆ. ಕೆನಡಾದ ಒಕ್ಕೂಟಕ್ಕೆ ಜನಮತವೇ ಆಗಲಿಲ್ಲ. ನೋವಾ ಸ್ಕೋಷಿಯಾದವರು ಎಷ್ಟು ಸಿಟ್ಟಾದರು ಅಂದರೆ ಮೊದಲ ಚುನಾವಣೆಯಲ್ಲೇ 19 ಸೀಟಿನಲ್ಲಿ 18ನ್ನು ಒಕ್ಕೂಟದ ವಿರೋಧಿಗಳಿಗೆ ಕೊಟ್ಟರು. ಅವರ ನಾಯಕ ಜೋಸೆಫ್ ಹೌ ಲಂಡನ್‌ಗೆ ಹೋಗಿ ಬಿಡಿಸಿ ಅಂತ ಕೇಳಿದರು, ಆಗಲಿಲ್ಲ. ಕೊನೆಗೆ ಹೆಚ್ಚಿನ ಅನುದಾನಕ್ಕೆ ಒಪ್ಪಿ ಅದೇ ಕೆನಡಾದ ಮಂತ್ರಿಮಂಡಲ ಸೇರಿದರು.

ದಕ್ಷಿಣ ಆಫ್ರಿಕಾದ್ದು ಇನ್ನೂ ಕೆಟ್ಟ ಕಥೆ. ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧ ಮುಗಿದ ಮೇಲೆ ನಾಲ್ಕು ವಸಾಹತುಗಳು ರೈಲು ಬಾಡಿಗೆ, ಸುಂಕ ಅಂತ ಕಿತ್ತಾಡುತ್ತಿದ್ದವು. 1908-09ರಲ್ಲಿ ಕೂತು ಸಂವಿಧಾನ ಬರೆದವರೆಲ್ಲ ಬಿಳಿಯ ಗಂಡಸರು. ರಾಜಧಾನಿಗಾಗಿ ಜಗಳ ಬೇಡ ಅಂತ ಪ್ರಿಟೋರಿಯಾ, ಕೇಪ್ ಟೌನ್, ಬ್ಲೂಮ್‌ಫಾಂಟೇನ್ ಮೂರಕ್ಕೂ ಒಂದೊಂದು ಪಾಲು ಹಂಚಿದರು. ಅಷ್ಟು ನಾಜೂಕಾಗಿ ಹಂಚಿಕೊಂಡವರು ಸಂಸತ್ತಿನಲ್ಲಿ ಕೂರುವ ಹಕ್ಕನ್ನು ಮಾತ್ರ ಬಿಳಿಯರಿಗೇ ಇಟ್ಟುಕೊಂಡರು. ಇದನ್ನು ತಡೆಯಿರಿ ಅಂತ 1909ರಲ್ಲಿ ಒಂದು ನಿಯೋಗ ಲಂಡನ್‌ಗೆ ಹೋಯಿತು. ಟ್ರಾನ್ಸ್‌ವಾಲ್‌ನ ಭಾರತೀಯರ ಪರವಾಗಿ ಗಾಂಧಿಯವರೂ ಅದೇ ಸಮಯಕ್ಕೆ ಅಲ್ಲಿದ್ದರು. ಬ್ರಿಟನ್ ಕಿವಿಗೆ ಹಾಕಿಕೊಳ್ಳಲಿಲ್ಲ. 1910ರಲ್ಲಿ ಒಕ್ಕೂಟ ಆಯಿತು. 1913ರಲ್ಲೇ ಕಪ್ಪು ಜನರ ಭೂಮಿಯ ಹಕ್ಕಿಗೆ ಕತ್ತರಿ ಹಾಕುವ ಕಾನೂನು ಬಂತು.

ಆಸ್ಟ್ರೇಲಿಯಾವನ್ನು ಹೊಗಳಿ ಇದನ್ನು ಮುಚ್ಚಿಡಲಾರೆ: ಬಿಳಿಯರಲ್ಲದವರು ವಲಸೆ ಬರದಂತೆ ತಡೆಯುವುದೂ ಅಲ್ಲಿ ಒಕ್ಕೂಟಕ್ಕೆ ಒಂದು ಕಾರಣ. ಹೊಸ ಸಂಸತ್ತು 1901ರಲ್ಲೇ ಮಾಡಿದ ಮೊದಲ ಕೆಲಸಗಳಲ್ಲಿ ಅದೂ ಒಂದು. ಅಧಿಕಾರಿ ಯಾವ ಯುರೋಪಿನ ಭಾಷೆಯಲ್ಲಿ ಬೇಕಾದರೂ ಉಕ್ತಲೇಖನ ಕೊಡಬಹುದಿತ್ತು, ಬರೆಯಲಾಗದಿದ್ದರೆ ದೇಶದೊಳಗೆ ಪ್ರವೇಶವಿಲ್ಲ. ಮೂಲನಿವಾಸಿಗಳನ್ನು ಜನಸಂಖ್ಯೆಯ ಲೆಕ್ಕಕ್ಕೇ ಸೇರಿಸಬಾರದು ಎಂಬ ವಿಧಿ ಸಂವಿಧಾನದಲ್ಲಿ 1967ರ ತನಕ ಇತ್ತು.

ಇನ್ನು ಯಾರನ್ನೂ ಕೇಳದೆ ಆಳುವವನೇ ಅಂಟಿಸಿದ ಒಕ್ಕೂಟಗಳೂ ಉಂಟು. 1914ರಲ್ಲಿ ಬ್ರಿಟಿಷ್ ಗವರ್ನರ್ ಲುಗಾರ್ಡ್ ಉತ್ತರ ಮತ್ತು ದಕ್ಷಿಣ ನೈಜೀರಿಯಾಗಳನ್ನು ಒಂದು ಮಾಡಿದ್ದಕ್ಕೆ ದೊಡ್ಡ ಕಾರಣ ಬಜೆಟ್. ಉತ್ತರದಲ್ಲಿ ಕೊರತೆ, ದಕ್ಷಿಣದ ಬಂದರುಗಳಲ್ಲಿ ಸುಂಕದ ಹಣ. ಅಲ್ಲೂ ಲೆಕ್ಕವೇ ಕೆಲಸ ಮಾಡಿದ್ದು, ಲೆಕ್ಕ ಬರೆದವರು ಮಾತ್ರ ಬೇರೆ.

ಪ್ರಶ್ನೆ: ಒಮ್ಮೆ ಸೇರಿದಮೇಲೆ ಬೇಡ ಅಂತ ಹೊರಬರಬಹುದಾ?

ಉತ್ತರ: ಪಶ್ಚಿಮ ಆಸ್ಟ್ರೇಲಿಯಾ ಪ್ರಯತ್ನ ಮಾಡಿ ನೋಡಿತು. ಅದು ಸೇರಿದ್ದೇ ಅರೆಮನಸ್ಸಿನಿಂದ. ಕಾಲ್ಗೂರ್ಲಿ ಕಡೆ ಚಿನ್ನದ ಗಣಿಗೆ ಪೂರ್ವದಿಂದ ಬಂದಿದ್ದ ಜನ, ನೀವು ಸೇರದಿದ್ದರೆ ನಾವೇ ಬೇರೆ ವಸಾಹತಾಗಿ ಸೇರುತ್ತೇವೆ ಅಂತ ಹೆದರಿಸಿದ್ದರು. 1933ರ ಏಪ್ರಿಲ್ 8ರಂದು ಅಲ್ಲಿ ಮತದಾನ ಆಯಿತು. ಮೂರನೇ ಎರಡರಷ್ಟು ಜನ ಹೊರಬರೋಣ ಅಂದರು. ಅದೇ ದಿನ ರಾಜ್ಯದ ಚುನಾವಣೆಯೂ ಇತ್ತು. ಅದರಲ್ಲಿ ಹೊರಬರಬೇಕು ಅನ್ನುತ್ತಿದ್ದ ಪ್ರೀಮಿಯರನ್ನು ಸೋಲಿಸಿ, ಹೊರಬರುವುದು ಬೇಡ ಅನ್ನುತ್ತಿದ್ದ ಲೇಬರ್ ಪಕ್ಷವನ್ನು ಗೆಲ್ಲಿಸಿದರು. ಸೋತ ಪ್ರೀಮಿಯರ್‌ಗೆ ಏನು ಅನಿಸಿರಬೇಡ! ಮನವಿ ಲಂಡನ್‌ಗೆ ಹೋಯಿತು. ಆಸ್ಟ್ರೇಲಿಯಾದ ಕೇಂದ್ರ ಸರಕಾರ ಕೇಳದೆ ನಾವು ಏನೂ ಮಾಡಲಾಗದು ಅಂತ 1935ರಲ್ಲಿ ಅದನ್ನು ಪಕ್ಕಕ್ಕಿಟ್ಟರು.

ಪ್ರಶ್ನೆ: ಆಲ್ಬರಿಯ ಹಳಿ ಆಮೇಲಾದರೂ ಸರಿಹೋಯಿತಾ?

ಉತ್ತರ: ಸುಂಕ ಬೇಗ ಹೋಯಿತು, ಹಳಿ ಹೋಗಲಿಲ್ಲ. ಪಶ್ಚಿಮಕ್ಕೆ ಭರವಸೆ ಕೊಟ್ಟಿದ್ದ ಮರುಭೂಮಿ ದಾಟುವ ಹೊಸ ಮಾರ್ಗ 1917ರಲ್ಲಿ ಮುಗಿದಾಗ ಅದರ ಎರಡು ತುದಿಯಲ್ಲೂ ಮತ್ತೆ ರೈಲು ಬದಲಿಸಬೇಕಾಗಿತ್ತು. ಸಿಡ್ನಿಯಿಂದ ಮೆಲ್ಬರ್ನಿಗೆ ಒಂದೇ ಅಳತೆಯ ಹಳಿ ಬಂದದ್ದು 1962ರಲ್ಲಿ. ಒಂದು ದೇಶ ಆಗಿ ಆಗಲೇ 61 ವರ್ಷ ಆಗಿತ್ತು.